ಇಲ್ಲ ಎನ್ನಲು ಒಂದು ಪುಟ

ಜೂನ್ 10, ಮಂಗಳವಾರ. ಬಸವನ ಬಾಗೇವಾಡಿ

ಕೈಪಿಡಿಯ ಹದಿನಾಲ್ಕನೆಯ ಪುಟ ಮತ್ತೆ ವಾಪಸ್ ಬಂತು. ನಮ್ಮ ಸಂಸ್ಥೆಯ ಧಾರವಾಡದ ಹೆಡ್ ಆಫೀಸಿನಿಂದ ಪ್ರಿಯದರ್ಶಿನಿ ಮೇಡಂ ಕೆಂಪು ಅಕ್ಷರದಲ್ಲಿ ಬರೆದಿದ್ದಾರೆ — "ಶಾಹಿಸ್ತಾ ಅವರೇ, ಭಾಷೆ ಇನ್ನೂ ಗೌರವಯುತವಾಗಿರಲಿ." ಅವರು ಸೂಚಿಸಿದ ತಲೆಬರಹ: "ಲೈಂಗಿಕ ದೌರ್ಜನ್ಯಕ್ಕೊಳಗಾದ ಬೌದ್ಧಿಕ ವಿಶೇಷಚೇತನ ಸಂತ್ರಸ್ತೆಯೊಂದಿಗಿನ ಸಂವಹನ ವಿಧಾನಗಳು." ಓದಿ ಮುಗಿಸುವಷ್ಟರಲ್ಲಿ ಚಹಾ ಆರಿತು.

ಈ ಕೈಪಿಡಿ ಓದಬೇಕಾದವರು ಯಾರು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕಿನ ನಮ್ಮ ಕಾರ್ಯಕರ್ತೆಯರು. ಮನೆಯ ರೊಟ್ಟಿ ಬಡಿದಿಟ್ಟು, ಇನ್ನೊಬ್ಬರ ಮಗಳ ಕೇಸಿಗೆಂದು ಠಾಣೆ, ದವಾಖಾನೆ, ಕೋರ್ಟು ಅಲೆಯುವವರು. ಕೆಲವರ ಸಾಲಿ ಏಳನೆಯ ಇಯತ್ತೆಗೇ ಮುಗಿದಿದೆ. ನಾನು ಬರೆದದ್ದು — "ಆಕೆಗೆ ತಿಳಿಯಲು ಹೊತ್ತು ಬೇಕು. ನಿಧಾನವಾಗಿ ಮಾತಾಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ." ಇದರಲ್ಲಿ ಗೌರವ ಎಲ್ಲಿ ಕಡಿಮೆಯಾಯಿತೋ ನನಗಂತೂ ಕಾಣುವುದಿಲ್ಲ.

ಚಿತ್ರಗಳದ್ದು ಬೇರೆ ತಲೆನೋವು. ಬರೆಯುವವನು ಜುಲ್ಫಿಕರ. ಟ್ರ್ಯಾಕ್ಟರ್ ಟ್ರಾಲಿಗೆ ಹೂ, ಹುಲಿ ಬರೆಯುವ ಪೇಂಟರ್. ಠಾಣೆಗೆ ಹೊರಟ ಹೆಣ್ಣುಮಗಳಿಗೆ ಕೆನ್ನೆ ಕೆಂಪು, ಕಾಲಿಗೆ ಗೆಜ್ಜೆ.

"ಅಲ್ಲೋ ಭಾಯಿ, ಇಕಿ ಏನ್ ಮದಿವಿಗಿ ಹೊಂಟಾಳೇನು? ಅಳಾಕತ್ತಾಳ ಇಕಿ."

"ಅಳೂ ಚಿತ್ರದ ಆರ್ಡರ್ ಇಲ್ಲೀತನ ಯಾರೂ ಕೊಟ್ಟಿಲ್ರಿ ಆಪಾ."

ನಗು ಬಂತು. ಗೆಜ್ಜೆ ಅಳಿಸಲು ಹೇಳಿ ಕಳಿಸಿದೆ.

ಜೂನ್ 13, ಶುಕ್ರವಾರ. ಇಂಡಿಯಿಂದ ವಾಪಸ್, ಬಸ್ಸಿನಲ್ಲಿ

ಕಾರ್ಯಕರ್ತೆಯರ ಮುಂದೆ ಕರಡು ಓದಿದೆ. ಗಾಲಿಕುರ್ಚಿಯ ಪುಟ ಬಂದಾಗ ಅಖ್ತರಬೇಗಂ ಎದ್ದು ನಿಂತರು. ಎಲ್ಲರಿಗಿಂತ ಹಿರಿಯರು, ಮಂಡಿನೋವು.

"ನೀವು ರ‍್ಯಾಂಪ್ ಐತೇನು ನೋಡ್ರಿ ಅಂತ ಬರದೀರಿ. ಇಲ್ಲಂದ್ರ ಏನ್ ಮಾಡ್ಬೇಕು ಅದನ್ನ ಬರದಿಲ್ಲ. ನಾ ಹೋದ ವರ್ಷ ಒಬ್ಬಾಕಿನ್ನ ಬೆನ್ನ ಮ್ಯಾಲ ಹೊತ್ತು ಠಾಣೆ ಮೆಟ್ಟಲಾ ಹತ್ತೇನ್ರಿ. ಮಂದಿ ಎಲ್ಲಾ ನೋಡಿದ್ರು. ಆಕಿ ನಾಚಿಕಿಲೆ ಒಳಗ ಏನೂ ಹೇಳಲಿಲ್ಲ, ವಾಪಸ್ ಬಂದ್ವಿ."

ಬರೆದುಕೊಂಡೆ: ಮೆಟ್ಟಿಲಿದ್ದರೆ ಆಕೆಯನ್ನು ಹೊತ್ತೊಯ್ಯಬೇಡಿ. ಅಧಿಕಾರಿಯನ್ನು ಹೊರಗೆ ಕರೆಯಿರಿ. ಮನೆಗೇ ಬಂದು ಹೇಳಿಕೆ ಬರೆದುಕೊಳ್ಳಿ ಎಂದು ಕೇಳುವ ಹಕ್ಕು ಆಕೆಗಿದೆ.

ಬಸ್ಸು ಕುಲುಕಿ ಅಕ್ಷರವೆಲ್ಲ ಕಾಗೆ ಕಾಲು.

ಜೂನ್ 17

ಸಿಂದಗಿ. ಕಣ್ಣು ಕಾಣದ ಒಬ್ಬಾಕೆ ಬಂದಿದ್ದಳು. ತನ್ನ ಕೇಸು ಮುಗಿದಿದೆ, ನಿಮ್ಮ ಪುಸ್ತಕಕ್ಕೆ ಒಂದು ಮಾತು ಹೇಳಿ ಹೋಗುತ್ತೇನೆ ಎಂದಳು. ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ.

"ನಾ ಹೇಳೂಮುಂದ ಖೋಲ್ಯಾಗ ಯಾರ‍್ಯಾರ ಅದಾರ ಅಂತ ಒಬ್ರರ ಹೇಳಬೇಕಿಲ್ಲೇನ್ರಿ? ಎಲ್ಲಾ ಹೇಳಿ ಮುಗಿಸೇನಿ. ಆಮ್ಯಾಲ ಕುರ್ಚಿ ಸರಿಸಿದ ಸಪ್ಪಳಾತು. ಹಿಂದ ಗಂಡಸೂರು ಕುಂತಾರ."

ಬರೆದುಕೊಂಡೆ: ಮಾತು ಶುರುವಾಗುವ ಮುಂಚೆ ಖೋಲಿಯಲ್ಲಿ ಯಾರು ಯಾರಿದ್ದಾರೆ ಎಂದು ಆಕೆಗೆ ಹೇಳಿ.

ಜೂನ್ 20, ಶುಕ್ರವಾರ

ಮನಗೂಳಿಯ ಕಡೆ ನಮ್ಮ ಕಾರ್ಯಕರ್ತೆ ಕಾಶಿಬಾಯಿ. ಆಕೆ ಒಂದು ಕೇಸು ಹಿಡಿದಿದ್ದಾಳೆ. ಕಾವೇರಿ, ಇಪ್ಪತ್ತೆರಡು ವರ್ಷ, ಬುದ್ಧಿ ಎಂಟು ವರ್ಷದ ಹುಡುಗಿಯದು ಎಂದು ಡಾಕ್ಟರ ಕಾಗದ. ಊರಲ್ಲಿ ಒಂದೇ ಹಿಟ್ಟಿನ ಗಿರಣಿ, ಗುರಣ್ಣನದು. ಹೋದ ದಸರೆಯ ಮುಂಚೆ ಜೋಳ ಬೀಸಿಸಲು ಹೋದವಳಿಗೆ ಗಿರಣಿಯ ಹಿಂದಿನ ಕೋಣೆಯಲ್ಲಿ ಅನ್ಯಾಯವಾಯಿತು. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಆಗಸ್ಟಿನಲ್ಲಿ ಕಾವೇರಿಯ ಸಾಕ್ಷಿ. ಆಕೆಯ ಮಾತೊಂದೇ ಆಧಾರ. ಬೇರೆ ಸಾಕ್ಷಿ ಇಲ್ಲ.

ಕೈಪಿಡಿಗೆಂದು ಜುಲ್ಫಿಕರ ಬರೆದ ಚಿತ್ರದ ಕಾರ್ಡು ಆಕೆಗೆ ತಿಳಿಯುತ್ತದೋ ನೋಡೋಣವೆಂದು ಹೋದೆ. ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಚಿತ್ರ ಚಂದ ಅದಾವೇನವಾ?"

"ಹೂಂರಿ."

"ಊಟ ಆತು?"

"ಹೂಂರಿ."

ತಾಯಿ ಬೌರವ್ವ ಒಳಗಿನಿಂದ, "ಎಲ್ಲೀದ ಊಟ್ರಿ, ಮುಂಜಾನಿಂದ ಒಂದ ತುತ್ತ ತಿಂದಿಲ್ಲ" ಎಂದಳು. ನನಗೆ ಸಂಶಯ ಬಂತು. ರಣರಣ ಬಿಸಿಲು. "ಈಗ ಮಳಿ ಬರಾಕತ್ತೈತಿ, ಹೌದಿಲ್ಲೋ?" ಎಂದೆ.

"ಹೂಂರಿ."

"ನಿನ್ನ ಹೆಸರ ಕಾಶಿಬಾಯಿ?"

"ಹೂಂರಿ."

ಬೌರವ್ವನಿಗೆ ಹೆಮ್ಮೆ. "ಸಣ್ಣಾಕಿ ಇದ್ದಾಗಿಂದ ಕಲಿಸೇನ್ರಿ. ದೊಡ್ಡವರು ಏನಂದ್ರೂ ಹೂಂರಿ ಅನ್ಬೇಕು ಅಂತ. ಇಂಥಾ ಮಗಳನ್ನ ಇಟಗೊಂಡು ಊರಾಗ ಬಾಳೇ ಮಾಡ್ಬೇಕಲ್ರಿ. ಇಲ್ಲೀತನ ಒಬ್ಬರ ಬಾಯಾಗೂ ಉದ್ಧಟ ಅನಿಸಿಕೊಂಡಿಲ್ಲ ನನ್ನ ಕೂಸು."

ನಾನೂ ಕಾಶಿಬಾಯಿಯೂ ಮುಖ ಮುಖ ನೋಡಿಕೊಂಡೆವು. "ಗಿರಣ್ಯಾಗ ಏನಾತು, ನೀನ ಹೇಳವಾ" ಎಂದರೆ ಹೇಳುತ್ತಾಳೆ. ನಿಧಾನವಾಗಿ, ಕೈಯಿಂದ ತೋರಿಸಿ, ಹಿಂದುಮುಂದು ಮಾಡದೆ. ಕೇಳಿದ್ದನ್ನು ಇಲ್ಲಿ ಬರೆಯಲಾರೆ. ಆದರೆ ಎದುರು ವಕೀಲ ಹಾಗೆ ಕೇಳುವುದಿಲ್ಲ. "ಗುರಣ್ಣ ಏನೂ ಮಾಡಿಲ್ಲ, ಹೌದಿಲ್ಲೋ?" ಎಂದು ಕೇಳುತ್ತಾನೆ. ಇವಳು ಹೂಂರಿ ಅನ್ನುತ್ತಾಳೆ. ಗುರಣ್ಣ ಬಿಡುಗಡೆಯಾಗಿ ಮನೆಗೆ ಹೋಗುತ್ತಾನೆ.

ಜೂನ್ 22, ಭಾನುವಾರ

ಹದಿನಾಲ್ಕನೆಯ ಪುಟ ಹರಿದು ಹಾಕಿ ಹೊಸದಾಗಿ ಬರೆದೆ.

"ಎಲ್ಲದಕ್ಕೂ ಹೂಂ ಎನ್ನುವವಳಿಗೆ ಇಲ್ಲ ಎನ್ನಲು ಕಲಿಸಿ. ಸಣ್ಣ ವಿಷಯದಿಂದ ಶುರು ಮಾಡಿ. ಚಹಾ ಬೇಕೋ ಬೇಡವೋ, ಕೂರಬೇಕೋ ಬೇಡವೋ. ಆಕೆ ಇಲ್ಲ ಎಂದರೆ ಸಿಟ್ಟಾಗಬೇಡಿ. ಒಪ್ಪಿಕೊಳ್ಳಿ. ದನಿ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಡಿ. ಎರಡನೆಯ ಸಲ ಕೇಳಿದರೆ ತನ್ನ ಮೊದಲ ಉತ್ತರ ತಪ್ಪು ಎಂದು ಆಕೆ ತಿಳಿಯುತ್ತಾಳೆ."

ಮೊಬೈಲಿನಲ್ಲಿ ಕಳಿಸಿದೆ. ರಾತ್ರಿಯೊಳಗೆ ಮೇಡಂ, ಮೊದಲ ಸಲ, ಒಂದೂ ಕೆಂಪು ಗೀಟು ಇಲ್ಲದೆ ವಾಪಸ್ ಕಳಿಸಿದರು. ಅದರ ಮೇಲೊಂದು ಸ್ಮೈಲಿ. ಸೂರ್ಯ ಪಶ್ಚಿಮಕ್ಕೆ ಹುಟ್ಟಿರಬೇಕು.

ಜೂನ್ 27

ಮುದ್ದೇಬಿಹಾಳದಲ್ಲಿ ತರಬೇತಿ. ಕರಡಿನ ಝೆರಾಕ್ಸ್ ಎಲ್ಲರಿಗೂ ಹಂಚಿದೆ. ಕೆಲವು ವಕೀಲರೂ ಬಂದಿದ್ದರು. ಉಪ್ಪಿಟ್ಟು ತಿಂದು, ಒಂದೊಂದು ಪ್ರತಿ ಬಗಲಿಗಿಟ್ಟುಕೊಂಡು ಹೋದರು. ಹೋಗಲಿ, ಓದಲಿ ಅಂದುಕೊಂಡೆ. ಖುಷಿಯಾಗಿತ್ತು.

ಜುಲೈ 22, ಮಂಗಳವಾರ

ಬರೆಯದೆ ಎಷ್ಟು ದಿನವಾಯಿತು. ವಾರಕ್ಕೆರಡು ಸಲ ಕಾವೇರಿಯ ಊರು. ಕಾಶಿಬಾಯಿಯಂತೂ ದಿನಾ ಹೋಗುತ್ತಾಳೆ. ತಿಂಗಳಿಡೀ ಹೂಂರಿ, ಹೂಂರಿ, ಹೂಂರಿ. ನನಗೆ ರೋಸಿ ಹೋಗಿತ್ತು.

ಇವತ್ತು —

ಕಾಶಿಬಾಯಿ ಚಹಾ ಬಟ್ಟಲು ಚಾಚಿ, "ಕುಡೀತಿ?" ಎಂದಳು. ಕಾವೇರಿ ತಾಯಿಯ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಹೇಳಿದಳು:

"ಇಲ್ಲ."

ಕಾಶಿಬಾಯಿ ಬಟ್ಟಲು ಹಿಂದಕ್ಕೆ ತೆಗೆದುಕೊಂಡಳು. ಅಷ್ಟೇ. ಯಾರೂ ಬೈಯಲಿಲ್ಲ. ಹುಡುಗಿಗೆ ನಂಬಿಕೆಯೇ ಬರಲಿಲ್ಲ. ಮತ್ತೆ "ಇಲ್ಲ!" ಎಂದಳು, ಜೋರಾಗಿ. ಆಮೇಲೆ ನಗಲು ಶುರುಮಾಡಿದಳು ನೋಡು, ಹೊಟ್ಟೆ ಹಿಡಿದುಕೊಂಡು. ಕೊನೆಗೆ ತಾನೇ ಬಟ್ಟಲು ಕಸಿದುಕೊಂಡು ಕುಡಿದಳು.

ಬೌರವ್ವ ಹಣೆ ಬಡಿದುಕೊಂಡಳು. "ಏನ್ ಕಲಿಸಾಕತ್ತೀರಿ ಯವ್ವಾ! ನಾಳಿಂದ ನನ್ನ ಮಾತ ಯಾರ ಕೇಳಬೇಕು?" ಬೈದಳು, ಆದರೆ ನಕ್ಕಳು ಕೂಡ.

ಬಸ್ಸಿನಲ್ಲಿ ಕೂತು ಅತ್ತೆ. ಸಂತೋಷಕ್ಕೇ ಅತ್ತದ್ದು.

ಆಗಸ್ಟ್ 19, ಮಂಗಳವಾರ

ಕೋರ್ಟು. ಬಾಗಿಲು ಮುಚ್ಚಿ ವಿಚಾರಣೆ. ಕಾಶಿಬಾಯಿಗೆ ಮಾತ್ರ ಪಕ್ಕದಲ್ಲಿ ಕೂರಲು ಅಪ್ಪಣೆ. ನಾನು ಹೊರಗೆ ಬೆಂಚಿನ ಮೇಲೆ.

ಕಾಶಿಬಾಯಿ ಆಮೇಲೆ ಹೇಳಿದ್ದು: ನಮ್ಮ ಕಡೆಯ ಸರ್ಕಾರಿ ವಕೀಲರು ಕೇಳಿದಾಗ ಕಾವೇರಿ ಎಲ್ಲವನ್ನೂ ಹೇಳಿದಳು. ಗುರಣ್ಣನ ಹೆಸರನ್ನೂ. ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟು ಕೇಳಿದರಂತೆ. ಆಮೇಲೆ ಎದುರು ವಕೀಲ ಎದ್ದ. "ಗುರಣ್ಣ ನಿನಗ ಏನೂ ಮಾಡಿಲ್ಲ, ಹೌದಿಲ್ಲೋ?"

"ಇಲ್ಲ. ಮಾಡ್ಯಾನ."

"ನನ್ನ ಮೈ ಝುಂ ಅಂತ್ರಿ ಬಾಯಾರ" ಎಂದಳು ಕಾಶಿಬಾಯಿ. ಅಷ್ಟರಲ್ಲಿ ಅವನು ಕೋಟಿನ ಜೇಬಿನಿಂದ ಒಂದು ಹಾಳೆ ತೆಗೆದ. ಝೆರಾಕ್ಸ್. ನನ್ನ ಹದಿನಾಲ್ಕನೆಯ ಪುಟ. ಗಟ್ಟಿಯಾಗಿ ಓದಿದ. "ಇಲ್ಲ ಎನ್ನಲು ಕಲಿಸಿ." ಕಾವೇರಿಯ ಹತ್ತಿರ ಬಂದು ಕೇಳಿದ: "ಇಲ್ಲ ಅನ್ನೂದ ಈ ಕಾಶಿಬಾಯಿ ಕಲಿಸ್ಯಾಳ?"

"ಹೂಂರಿ. ಕಲಿಸ್ಯಾಳ."

ಸುಳ್ಳೇನು ಹೇಳಿದಳು? ಸತ್ಯವನ್ನೇ ಹೇಳಿದಳು, ಖುಷಿಯಿಂದ ಹೇಳಿದಳು. ಆದರೆ ಅವನು ಕೈ ಮೇಲೆತ್ತಿ, ಇದೆಲ್ಲ ಹೇಳಿಕೊಟ್ಟ ಸಾಕ್ಷಿ ಎಂದು ಕೂಗಾಡಿದ. ಸರ್ಕಾರಿ ವಕೀಲರು ಎದ್ದು ಕೂಗಿದರು. ಕಾವೇರಿಗೆ ಅರ್ಥವಾದದ್ದು ಒಂದೇ, ತಾನು ಏನೋ ತಪ್ಪು ಮಾಡಿದೆ ಎಂದು. ಪರದೆಯ ಆಚೆಗೆ ಗುರಣ್ಣ ಕೆಮ್ಮಿದ. ಮುಖ ಕಾಣದಿರಲೆಂದು ಕಟ್ಟಿದ ಪರದೆ. ಕೆಮ್ಮಿಗೆ ಯಾವ ಪರದೆ? ಅಲ್ಲಿಂದ ಮುಂದೆ ಹುಡುಗಿ ಬಾಯಿ ಬಿಡಲಿಲ್ಲ. ಬಟ್ಟೆ ಒದ್ದೆಯಾಯಿತು. ಉಳಿದ ಪ್ರಶ್ನೆಗಳು ಮುಂದಿನ ತಾರೀಖಿಗೆ. ಸೆಪ್ಟೆಂಬರ್ 16.

ಬಾಡಿಗೆಗೆ ಹಿಡಿದ ಕಾಂತುವಿನ ಓಮ್ನಿ ಗಾಡಿಯಲ್ಲಿ ವಾಪಸ್ ಬರುವಾಗ ಕಾವೇರಿ ಸೀಟು ಬಿಟ್ಟು ಕೆಳಗೆ ಕೂತಳು. ಮೇಲೆ ಬಾ ಎಂದರೂ ಬರಲಿಲ್ಲ.

ಆಗಸ್ಟ್ 20

ಸರ್ಕಾರಿ ವಕೀಲರು ಫೋನಿನಲ್ಲಿ, "ಹೆದರಬ್ಯಾಡ್ರಿ" ಎಂದರು. "ಇಲ್ಲ ಅನ್ನೂದ ಕಲಿಸೂದು ಬ್ಯಾರೆ, ಕಥಿ ಕಲಿಸೂದು ಬ್ಯಾರೆ. ನಾ ವಾದ ಮಾಡ್ತೇನಿ. ಆದ್ರ ಆಕಿ ಬಂದು ಉಳಿದ ಸವಾಲಿಗಿ ಉತ್ತರಾ ಕೊಡಬೇಕು. ಅರ್ಧಕ್ಕ ಬಿಟ್ರ ಮೊದ್ಲ ಹೇಳಿದ್ದಕ್ಕೂ ಕಿಮ್ಮತ್ತ ಉಳಿಯಂಗಿಲ್ಲ."

ಝೆರಾಕ್ಸ್ ಹಂಚಿದ ಕೈ ನನ್ನದೇ. ಆ ಉಪ್ಪಿಟ್ಟೂ ನನ್ನದೇ. ಥೂ.

ಸೆಪ್ಟೆಂಬರ್ 5, ಶುಕ್ರವಾರ

ಕಾಶಿಬಾಯಿಯ ಫೋನು. "ಕಾವೇರಿ ಬರಂಗಿಲ್ಲ ಅಂತಾಳ್ರಿ."

"ಯಾರ ಹೇಳಿಕೊಟ್ರು? ಗುರಣ್ಣನ ಮಂದಿ?"

"ಯಾರೂ ಇಲ್ರಿ. ತಾನ ಅಂತಾಳ. ಇಲ್ಲ ಅಂತಾಳ."

ಸೆಪ್ಟೆಂಬರ್ 11

ಹೋಗಿದ್ದೆ. ಬೌರವ್ವ ಪಕ್ಕದೂರಿನಿಂದ ಹಿಟ್ಟು ಬೀಸಿಸಿಕೊಂಡು ತಲೆಯ ಮೇಲೆ ಹೊತ್ತು ಬಂದಳು. ಊರ ಗಿರಣಿ ಮತ್ತೆ ಶುರುವಾಗಿದೆ, ಗುರಣ್ಣನೇ ಕೂರುತ್ತಾನೆ. ಇವಳು ಆ ಕಡೆ ಕಾಲಿಡುವುದಿಲ್ಲ. "ಅಂವ ಜೇಲಿಗಿ ಹೋಗೂತನ ನನಗ ಅನ್ನ ಇಳಿಯಂಗಿಲ್ರಿ. ಇಕಿನ್ನ ಎತ್ತಿ ಹಾಕ್ಕೊಂಡು ಹೋಗ್ರಿ, ಸಣ್ಣ ಕೂಸಿನ ಮಾತ ಏನ ಕೇಳತೀರಿ?"

ಕಾವೇರಿಯ ಪಕ್ಕ ಕೂತೆ. ಯಾಕೆ ಬೇಡ ಎಂದು ಕೇಳಿದೆ.

"ಅಲ್ಲಿ ಅಂವ ಕೆಮ್ಮತಾನ್ರಿ."

ಆಮೇಲೆ ತಾನೇ ಹೇಳಿದಳು:

"ನಾ ಹೇಳೇನ್ರಿ. ಎಲ್ಲಾ ಹೇಳೇನಿ. ಅವರಿಗಿ ಕೇಳಿಸಿಲ್ಲೇನ್ರಿ?"

ಕೇಳಿಸಿದೆ ತಾಯಿ, ಆದರೂ ಇನ್ನೊಮ್ಮೆ ಬೇಕಂತೆ ಎಂದೆ. ತಲೆ ಅಲ್ಲಾಡಿಸಿದಳು. "ಇಲ್ಲ." ಬಾಯಿ ಮುಚ್ಚಿಕೊಳ್ಳಲಿಲ್ಲ, ನಗಲಿಲ್ಲ. ದೊಡ್ಡವರು ಹೇಳುವ ಹಾಗೆ ಹೇಳಿದಳು.

ಮನೆಯಿಂದಲೇ ವಿಡಿಯೋದಲ್ಲಿ ಕೇಳಲಿ ಎಂದು ವಕೀಲರು ಅರ್ಜಿ ಹಾಕಿದ್ದಾರೆ. ಆದೇಶ ಇನ್ನೂ ಆಗಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಅರ್ಜಿಯ ಆದೇಶ ಬಂದಿಲ್ಲ. ನಾಳೆ ಹಾಜರಾಗಲೇಬೇಕು. "ಬರಲಿಲ್ಲಂದ್ರ ವಾರಂಟ್ ಆದೀತು, ಪೊಲೀಸರ ಬರ್ತಾರ. ಅದಕ್ಕಿಂತ ನೀವು ಕರಕೊಂಡು ಬರೂದು ಚಲೋ ಅಲ್ಲೇನ್ರಿ?" ಎಂದರು ವಕೀಲರು. ಅವರ ಮಾತಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಮಧ್ಯಾಹ್ನ ಮೇಡಂ ಫೋನು. ಕೈಪಿಡಿ ಪ್ರೆಸ್ಸಿಗೆ ಹೋಯಿತಂತೆ. "ಶಾಹಿಸ್ತಾ ಅವರೇ, ಹದಿನಾಲ್ಕನೆಯ ಪುಟವನ್ನು ಎಲ್ಲರೂ ಮೆಚ್ಚಿದ್ದಾರೆ. ಬೇರೆ ಜಿಲ್ಲೆಯವರೂ ಕೇಳುತ್ತಿದ್ದಾರೆ."

ಒಪ್ಪಿಕೊಳ್ಳಿ ಎಂದು ಬರೆದವಳು ನಾನು. ಆಕೆ ಬೇಡ ಅನ್ನುತ್ತಿದ್ದಾಳೆ. ಒಪ್ಪಿಕೊಂಡರೆ ಅವನು ಬಿಡುಗಡೆಯಾಗಿ ಜೀವನಪೂರ್ತಿ ಅದೇ ಊರಲ್ಲಿ ಕೆಮ್ಮಿಕೊಂಡು ಓಡಾಡುತ್ತಾನೆ. ನಾಳೆ ಇನ್ನೊಬ್ಬರ ಮಗಳು ಜೋಳ ಹೊತ್ತು ಹೋಗುತ್ತಾಳೆ. ಒಪ್ಪಿಕೊಳ್ಳದಿದ್ದರೆ... ಕಾಶಿಬಾಯಿಯನ್ನು ಕೇಳಿದೆ, ನೀನಾದರೆ ಏನು ಮಾಡುತ್ತಿದ್ದೆ ಎಂದು. "ನನಗ ಗೊತ್ತಿಲ್ರಿ ಬಾಯಾರ, ನೀವ ಬರದೋರು" ಎಂದಳು. ಸಿಟ್ಟು ಬಂತು. ಆಕೆಯ ಮೇಲಲ್ಲ.

ಒಂದೇ ಸಲ ಕೇಳುತ್ತೇನೆ. ಇಲ್ಲ ಎಂದರೆ ವಾಪಸ್ ಬರುತ್ತೇನೆ. ನಿರ್ಧಾರ ಮಾಡಿದೆ.

ಸೆಪ್ಟೆಂಬರ್ 16, ಮಂಗಳವಾರ. ಕೋರ್ಟಿನ ವರಾಂಡ, ಹನ್ನೆರಡು ಗಂಟೆ

ಕಾವೇರಿ ಒಳಗಿದ್ದಾಳೆ. ಕಾಶಿಬಾಯಿಯೂ. ನಾನು ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮುಂಜಾನೆ ಕಾಂತುವಿನ ಗಾಡಿ ಮನೆಯ ಮುಂದೆ ನಿಂತಿತು. ಕಾವೇರಿ ಕಟ್ಟೆಯ ಮೇಲೆ ಕೂತಿದ್ದಳು. ಕೇಳಿದೆ. "ಇಲ್ಲ" ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಎದ್ದೆ ಕೂಡ. ಬೌರವ್ವ ನನ್ನ ಕಾಲು ಹಿಡಿದುಕೊಂಡಳು. ಅಂಗಳದಲ್ಲಿ, ಮಂದಿಯ ಮುಂದೆ. ಮತ್ತೆ ಕೂತೆ. ದನಿ ಮೆತ್ತಗೆ ಮಾಡಿಕೊಂಡು ಇನ್ನೊಮ್ಮೆ ಕೇಳಿದೆ. ಇಲ್ಲ. ನಿನ್ನ ಸಲುವಾಗಿ ಎಂದೆ. ಇಲ್ಲ. ಅವ್ವ ಅಳುತ್ತಿದ್ದಾಳೆ ನೋಡು ಎಂದೆ. ನೋಡಿದಳು. ನನಗೆ ಹೊತ್ತಾಗುತ್ತಿತ್ತು, ಕಾಂತು ಹಾರ್ನ್ ಬಾರಿಸಿದ. "ಕಾವೇರಿ!" ಎಂದೆ, ಸಾಲಿ ಟೀಚರರ ದನಿಯಲ್ಲಿ. "ಶಾಣ್ಯಾ ಹುಡುಗಿ ಅಲ್ಲೇನ್ ನೀನು? ಬರ್ತಿ ಹೌದಿಲ್ಲೋ?"

ಅವಳ ಮುಖದಿಂದ ಏನೋ ಇಳಿದು ಹೋಯಿತು. ನಾನೇ ನೋಡಿದೆ. ಸೆರಗು ಸರಿಮಾಡಿಕೊಂಡಳು.

"ಹೂಂರಿ."

ಎದ್ದು ಗಾಡಿ ಹತ್ತಿದಳು. ಸೀಟಿನ ಮೇಲೆ ಕೂರು ಎಂದೆ. ಹೂಂರಿ. ನೀರು ಕುಡಿ ಎಂದೆ. ಹೂಂರಿ. ಹೆದರಿಕೆಯಿಲ್ಲ ತಾನೇ? ಹೂಂರಿ. ದಾರಿಯುದ್ದಕ್ಕೂ ಕಾಶಿಬಾಯಿ ನನ್ನ ಮುಖ ನೋಡಲಿಲ್ಲ.

ಬಾಗಿಲು ಮುಚ್ಚಿದೆ. ಆ ವಕೀಲನ ದನಿ ಕೇಳುತ್ತಿದೆ, ಮಾತು ತಿಳಿಯುವುದಿಲ್ಲ. ಸಮಾಧಾನವಾಗಿ ಕೇಳುತ್ತಿದ್ದಾನೆ ಇವತ್ತು. ಕೂಗಾಟವಿಲ್ಲ. ಅವನಿಗೆ ಕೂಗುವ ಗರಜೇ ಇಲ್ಲ.

ಅವಳ ದನಿ ಮಾತ್ರ ತಿಳಿಯುತ್ತಿದೆ.

ಹೂಂರಿ.

ಮತ್ತೆ ಅವನು. ಮತ್ತೆ ಅವಳು.

ಹೂಂರಿ.

ಬಾಗಿಲು ತಳ್ಳಿ ಒಳಗೆ ಹೋಗಬೇಕು. ಬರೆದುಕೊಳ್ಳಬೇಡಿ ಸಾಹೇಬರೇ, ಅದು ಅವಳ ಉತ್ತರವಲ್ಲ, ಇವತ್ತು ಮುಂಜಾನೆ ಅಂಗಳದಲ್ಲಿ ನಾನು ಅವಳಿಂದ —